ಬರೋಕ್ ಕಾಲದ ಅಲಂಕಾರಿಕ ಅಚ್ಚುಚಿತ್ರಗಳಲ್ಲಿ ಗ್ರೀಕ್ ದೇವತೆಗಳೇಕೆ ತುಂಬಿಕೊಂಡಿದ್ದಾರೆ?

ಬರೋಕ್ ಕಾಲದ (ಯುರೋಪಿನಲ್ಲಿ ಸುಮಾರು 1600ರಿಂದ 1750ರವರೆಗಿನ ಆಡಂಬರದ ಶೈಲಿಯ ಕಾಲ) ಅಲಂಕಾರಿಕ ತಾಮ್ರದಚ್ಚಿನ ಚಿತ್ರಗಳಲ್ಲಿ, ಎಂದರೆ ತಾಮ್ರದ ತಗಡಿನ ಮೇಲೆ ಕೊರೆದು ಮಸಿ ತುಂಬಿ ಕಾಗದಕ್ಕೆ ಒತ್ತಿದ ಚಿತ್ರಗಳಲ್ಲಿ, ಕ್ರೈಸ್ತ ಸಂತರಿಗಿಂತ ಗ್ರೀಕ್ ಮತ್ತು ರೋಮನ್ ಪುರಾಣದ ದೇವತೆಗಳೇ ಏಕೆ ಹೆಚ್ಚು, ಅವನ್ನು ಕೊಳ್ಳುತ್ತಿದ್ದವರು ಯಾರು ಎಂದು ತಾವು ಕೇಳಿದ್ದೀರಿ. ಕಲಾಶಾಲೆಯಲ್ಲಿ ಅಚ್ಚುಕಲೆ ಕಲಿತವನಾದ್ದರಿಂದ, ನನಗೆ ಹೆಚ್ಚು ಪರಿಚಯವಿರುವ ‘ಸೂರ್ಯರಾಜ’ನೆಂದು ಹೆಸರಾದ ದೊರೆ 14ನೆಯ ಲೂಯಿಯ ಕಾಲದ ಫ್ರಾನ್ಸನ್ನು ಮುಂದಿಟ್ಟುಕೊಂಡು ಉತ್ತರಿಸುತ್ತೇನೆ.

ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಈ ಹಾಳೆಗಳಲ್ಲಿ ಬಹುಪಾಲು ಗೋಡೆಗೆ ತೂಗುಹಾಕುವ ಚಿತ್ರಗಳಲ್ಲ, ಕಸುಬುದಾರರ ಮಾದರಿಗಳು. ಅಕ್ಕಸಾಲಿಗರು, ಬಡಗಿಗಳು, ಗಾರೆ ಕೆಲಸದವರು ಇವನ್ನು ಕೊಂಡು, ಎದುರಿಗಿಟ್ಟುಕೊಂಡು ಕೆಲಸ ಮಾಡುತ್ತಿದ್ದರು. 2000ಕ್ಕೂ ಹೆಚ್ಚು ಚಿತ್ರಗಳನ್ನು ಮಾಡಿದ ಪ್ಯಾರಿಸಿನ ಜಾನ್ ಲ ಪೋತ್ರ್ (1618–1682) ಸ್ವತಃ ಬಡಗಿಯೊಬ್ಬನ ಬಳಿ ಕೆಲಸ ಕಲಿತವನು. ಇಂತಹ ಮಾದರಿಗಳಲ್ಲಿ ಒಂದೇ ಅಗ್ಗಿಷ್ಟಿಕೆಯ ಎಡಭಾಗಕ್ಕೂ ಬಲಭಾಗಕ್ಕೂ ಹೊಂದಿಕೆಯೇ ಇಲ್ಲದಿರುವುದುಂಟು: ಒಂದು ಬದಿಯಲ್ಲಿ ತಲೆಯ ಮೇಲೆ ಭಾರ ಹೊತ್ತ, ಮೇಕೆಕಾಲಿನ ಸ್ಯಾಟರ್ ಎಂಬ ಗ್ರೀಕ್ ಪುರಾಣದ ವನಜೀವಿ ನಿಂತಿದ್ದರೆ ಇನ್ನೊಂದು ಬದಿಯಲ್ಲಿ ಸೊಂಟದಿಂದ ಕೆಳಗೆ ಎಲೆಬಳ್ಳಿಯಾಗಿ ಸುರುಳಿಗೊಂಡ ಹೆಣ್ಣು ಇರುತ್ತಾಳೆ. ಮೊದಲು ಕಂಡಾಗ ನಾನು ಇದನ್ನು ಕೊರೆದವನ ಅಜಾಗರೂಕತೆಯೆಂದೇ ತಿಳಿದಿದ್ದೆ. ವಾಸ್ತವದಲ್ಲಿ ಅದು ಒಂದೇ ತಗಡಿನ ಖರ್ಚಿನಲ್ಲಿ ಕೊಟ್ಟ ಎರಡು ಮಾದರಿ. ಗಿರಾಕಿ ತನಗೆ ಹಿಡಿಸಿದ ಅರ್ಧವನ್ನು ಆರಿಸಿಕೊಳ್ಳುತ್ತಿದ್ದ.

ದೇವತೆಗಳೇಕೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲಿಯೇ ಇದೆ. ಟ್ರೈಟನ್ ಎಂಬ ಕಡಲದೇವತೆಯ ಮೀನುಬಾಲವನ್ನು ಅಲಂಕಾರದ ಪಟ್ಟಿಕೆ ಎಷ್ಟು ಉದ್ದವಿದೆಯೋ ಅಷ್ಟು ಎಳೆಯಬಹುದು, ಮೂಲೆ ಬಂದಲ್ಲಿ ತಿರುಗಿಸಬಹುದು. ಸಂತನೊಬ್ಬನ ಕಾಲಿಗೆ ಹಾಗೆ ಮಾಡಿದರೆ ಅಪಚಾರವಾದೀತು. ಉಳಿದರ್ಧ ರಾಜಕೀಯ. ಲೂಯಿ 1653ರಲ್ಲಿ, ಇನ್ನೂ 14ರ ಹುಡುಗನಾಗಿದ್ದಾಗ, ಆಸ್ಥಾನದ ನೃತ್ಯವೊಂದರಲ್ಲಿ ಉದಯಸೂರ್ಯನ ವೇಷದಲ್ಲಿ ಕುಣಿದ. ಮುಂದೆ ಅವನ ವರ್ಸೈ ಅರಮನೆಯ ಉದ್ಯಾನದ ಕೊಳದಲ್ಲಿ ಸೂರ್ಯದೇವ ಅಪೊಲೊನ ರಥದ ಶಿಲ್ಪವೇ ನೀರಿನಿಂದ ಮೇಲೆದ್ದಿತು. ಲ್ಯಾಟಿನ್ ಓದಿ ರೋಮನ್ ಕವಿ ಓವಿಡ್‌ನ ಕಥೆಗಳನ್ನು ಬಲ್ಲವರಿಗೆ ಈ ಭಾಷೆ ಸಲೀಸಾಗಿ ಅರ್ಥವಾಗುತ್ತಿತ್ತು. ಅರಮನೆಯ ಮೆಟ್ಟಿಲು ಹತ್ತದ ವರ್ತಕನೂ ತನ್ನ ಬೆಳ್ಳಿತಟ್ಟೆಯ ಅಂಚಿನಲ್ಲಿ ಅಪೊಲೊನ ಮುಖ ಕೊರೆಸಿ, ಆ ಓದೂ ಆ ಅಭಿರುಚಿಯೂ ತನಗಿವೆಯೆಂದು ತೋರಿಸಿಕೊಳ್ಳಬಹುದಿತ್ತು.

ಕೊರೆಯುವವರ ಸ್ಥಾನಮಾನವೂ ಆಗಲೇ ಬದಲಾಗುತ್ತಿತ್ತು. ಅವರನ್ನು ಕಸುಬು ಸಂಘದ ಕಟ್ಟಳೆಗೆ ಒಳಪಡಿಸುವ ಯತ್ನ ನಡೆದಾಗ, 1660ರ ರಾಜಾಜ್ಞೆಯು ಕೊರೆತವು ಕಲ್ಪನೆಯನ್ನು ಅವಲಂಬಿಸಿದ ಸ್ವತಂತ್ರ ಕಲೆಯೆಂದು ಘೋಷಿಸಿ ಅದನ್ನು ಮುಕ್ತವಾಗಿ ಬಿಟ್ಟಿತು. 1674ರಲ್ಲಿ ಆಸ್ಥಾನದ ವಿನ್ಯಾಸಕಾರನಾದ ಜಾನ್ ಬೆರ್ಯಾನ್‌ನ ತೆಳುಬಳ್ಳಿ, ಕೋತಿ, ವನದೇವತೆಗಳ ವಿನ್ಯಾಸಗಳು ಅಚ್ಚಾಗಿ ಯುರೋಪಿನಲ್ಲೆಲ್ಲ ಹರಡಿದವು. ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ಯೆರೆಮಿಯಾಸ್ ವೋಲ್ಫ್ ಎಂಬ ಪ್ರಕಾಶಕ ಅವುಗಳ ನಕಲನ್ನೇ ಮಾರಿದ. ಮೂಲದ ಹಾಳೆಯಲ್ಲಿ ಕಂಡಂತೆಯೇ ತಗಡಿನ ಮೇಲೆ ಕೊರೆದರೆ ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ, ಬಲಗೈಯ ಬಿಲ್ಲು ಎಡಗೈಗೆ ಹೋಗುತ್ತದೆ. ನನ್ನ ಮೊದಲ ತಗಡಿನಲ್ಲಿ ನನ್ನ ಹೆಸರೇ ಹೀಗೆ ತಿರುಗುಮುರುಗಾಗಿತ್ತು; ಅಂದಿನಿಂದ ಯಾವ ಹಳೆಯ ಅಚ್ಚನ್ನು ಕಂಡರೂ ಮೊದಲು ನೋಡುವುದು ಕೈಗಳನ್ನೇ.

1685ರಲ್ಲಿ ಲೂಯಿ ಪ್ರಾಟೆಸ್ಟೆಂಟರಿಗಿದ್ದ ರಕ್ಷಣೆಯನ್ನು ರದ್ದುಮಾಡಿದಾಗ ಫ್ರಾನ್ಸ್ ತೊರೆದವರಲ್ಲಿ ಕೊರೆತಗಾರರೂ ಇದ್ದರು. ಅವರಲ್ಲೊಬ್ಬನಾದ ಡೇನಿಯಲ್ ಮಾರೋ ಹಾಲೆಂಡಿಗೆ ಹೋಗಿ, ಅಲ್ಲಿನ ಅಧಿಪತಿಯೂ ಲೂಯಿಯ ಬದ್ಧವೈರಿಯೂ ಆದ ವಿಲಿಯಮ್‌ನ ಹೆಟ್ ಲೋ ಅರಮನೆಯ ಒಳಾಂಗಣವನ್ನು ರೂಪಿಸಿದ. ಸೂರ್ಯರಾಜನ ಕೀರ್ತಿಗಾಗಿ ಪ್ಯಾರಿಸಿನಲ್ಲಿ ಬೆಳೆದ ಅದೇ ಶೈಲಿ ಹೀಗೆ ಅವನ ಶತ್ರುವಿನ ಮನೆಯ ಗೋಡೆಗಳನ್ನು ಏರಿತು.