ಅಂಚೆಪೆಟ್ಟಿಗೆಯ ಮೇಲೆ ನಿನ್ನ ಹೆಸರು

ತಂಗಿ,

ನಿನ್ನ ಪತ್ರ ಎರಡು ಸಲ ಓದಿದೆ. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಮುಗಿಸಿದ್ದೀಯ, ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಎಂ.ಎಸ್. ಸೀಟು ಸಿಕ್ಕಿದೆ, ಅಕ್ಟೋಬರ್‌ಗೆ ಕ್ಲಾಸು ಶುರು. ರೂಮು, ಖರ್ಚು, ಸಾಮಾನು ಎಲ್ಲ ಕೇಳಿ ಕೊನೆಗೆ ಒಂದು ಸಾಲು ಬರೆದಿದ್ದೀಯ: "ಅಕ್ಕಾರ, ಅಲ್ಲಿ ಒಬ್ಬಾಕೀನ ಇರಾಕ ಆಗತೈತೇನ್ರಿ?" ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. 2014ರಲ್ಲಿ ಜಮಖಂಡಿಯಿಂದ ಅದೇ ಊರಿಗೆ ಬಂದಿಳಿದಾಗ ನನಗೂ ಇದೇ ಪ್ರಶ್ನೆ ಇತ್ತು. ಕೇಳಲು ಗೊತ್ತಿದ್ದವರು ಯಾರೂ ಇರಲಿಲ್ಲ.

ಆಗುತ್ತದೆ ತಂಗಿ. ಹೇಗೆ ಅಂತ ಆಮೇಲೆ ಬರೆಯುತ್ತೇನೆ. ಮೊದಲು ವಿಳಾಸದ ವಿಷಯ. ಇಲ್ಲಿ ಎಲ್ಲವೂ ಅದರಿಂದಲೇ ಶುರುವಾಗುತ್ತದೆ.

ಮನೆಗೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ನಿನ್ನ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಪಾಸ್‌ಪೋರ್ಟ್ ಜೊತೆ, ನೀನು ಅಲ್ಲಿ ಇರುವುದು ನಿಜ ಅಂತ ಮನೆ ಕೊಟ್ಟವರು ಸಹಿ ಮಾಡಿದ ಪತ್ರ ಬೇಕು. ಆ ಪತ್ರ ಕೊಡುವುದಿಲ್ಲ ಅನ್ನುವವರ ರೂಮು ಎಷ್ಟೇ ಅಗ್ಗವಾದರೂ ಬೇಡ. ರೂಮು ತೋರಿಸದೆ ಮೊದಲೇ ಡಿಪಾಸಿಟ್ ಕಳಿಸು ಅನ್ನುವವರಿಗೆ ಉತ್ತರವನ್ನೇ ಬರೆಯಬೇಡ. ಸೀಟಿನ ಪತ್ರ ಕೈಗೆ ಬಂದಿದೆಯಲ್ವಾ, ಇವತ್ತೇ ಶ್ಟುಡೆಂಟೆನ್‌ವೆರ್ಕ್, ಅಂದರೆ ವಿದ್ಯಾರ್ಥಿಗಳ ವಸತಿ-ಊಟ ನೋಡಿಕೊಳ್ಳುವ ಸಂಸ್ಥೆಯ ಹಾಸ್ಟೆಲಿಗೆ ಅರ್ಜಿ ಹಾಕು. ವೀಸಾ ಬರಲಿ ಅಂತ ಕಾಯಬೇಡ. ಕಾದವರಿಗೆ ರೂಮು ಸಿಗುವುದು ಕಷ್ಟ.

ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಇಲ್ಲಿ ಒಂದು ಕಟ್ಟಡದಲ್ಲಿ ಹತ್ತು ಮನೆ ಇದ್ದರೂ ವಿಳಾಸದಲ್ಲಿ ಸಾಮಾನ್ಯವಾಗಿ ಮನೆ ನಂಬರ್ ಇರುವುದಿಲ್ಲ. ಕಟ್ಟಡದ ನಂಬರ್ ಅಷ್ಟೆ. ಅಂಚೆಯವರು ಬಾಗಿಲ ಬಳಿಯ ಪೆಟ್ಟಿಗೆಗಳ ಮೇಲೆ ಹೆಸರು ನೋಡಿ ಕಾಗದ ಹಾಕುತ್ತಾರೆ. ಹೆಸರು ಇಲ್ಲದಿದ್ದರೆ ವಾಪಸ್. ನಾನು ಬಂದಾಗ ನಮ್ಮ ಪೆಟ್ಟಿಗೆಯ ಮೇಲೆ ಹಿಂದೆ ಇದ್ದವರ ಹೆಸರಿತ್ತು. ನಾನು ಗಮನಿಸಲೇ ಇಲ್ಲ. ಬ್ಯಾಂಕಿನ ಕಾರ್ಡು ಒಂದು ಕಾಗದದಲ್ಲಿ, ಪಿನ್ ಇನ್ನೊಂದರಲ್ಲಿ ಬರುತ್ತದೆ. ಎರಡೂ ಬಂದು ವಾಪಸ್ ಹೋಗಿದ್ದವು. ವಿಮೆಯ ಕಾರ್ಡೂ ಹಾಗೇ. ಮೂರು ವಾರ ಕೈಯಲ್ಲಿದ್ದ ನಗದು ಎಣಿಸಿಕೊಂಡು, ಅವ್ವ ಕಟ್ಟಿಕೊಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿಯಲ್ಲೇ ದಿನ ತಳ್ಳಿದೆ. ಬ್ಯಾಂಕಿಗೆ ಹೋಗಿ ಅತ್ತ ಮೇಲೆ ಅಲ್ಲಿದ್ದ ಹುಡುಗಿ ಕೇಳಿದಳು, "ಪೆಟ್ಟಿಗೆ ಮೇಲೆ ನಿನ್ನ ಹೆಸರಿದೆಯಾ?" ಮನೆಗೆ ಬಂದು ಚೀಟಿ ಬರೆದು ಟೇಪು ಅಂಟಿಸಿದೆ. ಆ ವಾರವೇ ಮೊದಲ ಕಾಗದ ಬಂತು.

ನಿನ್ನ ಅಜ್ಜಿಯ ಮನೆ ಹಳೇ ಬಾಗಲಕೋಟೆಯಲ್ಲಿ ಇತ್ತು ಅಂತ ಬರೆದಿದ್ದೀಯ. ಅಲ್ಲಿ ಓಣಿಯ ಹೆಸರು ಹೇಳಿದರೆ ಸಾಕಾಗಿತ್ತು, ಅಂಚೆಯವನಿಗೆ ಮನೆ ಮನೆಯೂ ಗೊತ್ತು. ಆಲಮಟ್ಟಿಯ ಹಿನ್ನೀರಿಗೆ ಮನೆ ಹೋಗಿ ನವನಗರಕ್ಕೆ ಬಂದ ಮೇಲೆ ಸೆಕ್ಟರ್ ನಂಬರ್, ಪ್ಲಾಟ್ ನಂಬರ್ ಕಲಿಯಬೇಕಾಯಿತು. ಹೊರಡುವ ಮುಂಚೆ ಅಜ್ಜಿಯ ಹತ್ತಿರ ಕೂತು ಕೇಳು, ಹೊಸ ಮನೆ ತಮ್ಮದು ಅನಿಸಲು ಎಷ್ಟು ದಿನ ಹಿಡಿಯಿತು ಅಂತ. ಈ ವಿಷಯದಲ್ಲಿ ನನಗಿಂತ ಅವರಿಗೆ ಜಾಸ್ತಿ ಗೊತ್ತು.

ಖರ್ಚಿನ ಬಗ್ಗೆ ಜಾಸ್ತಿ ಹೆದರಬೇಡ. ವೀಸಾಕ್ಕೆ ಅಂತ ಒಂದು ವರ್ಷದ ಖರ್ಚನ್ನು ಮೊದಲೇ ಖಾತೆಯಲ್ಲಿ ಇಟ್ಟು ತೋರಿಸುವ 11,904 ಯೂರೋದಿಂದ ತಿಂಗಳಿಗೆ 992 ನಿನ್ನ ಕೈಗೆ ಬರುತ್ತದೆ. ಹಾಸ್ಟೆಲ್ ಸಿಕ್ಕಿ, ಮನೆಯಲ್ಲೇ ಅಡುಗೆ ಮಾಡಿಕೊಂಡರೆ ಸಾಕು. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಮೊದಲ ಸೆಮಿಸ್ಟರ್ ಮಾತ್ರ ಬೇಡ. ಇಲ್ಲಿ ಪರೀಕ್ಷೆಗೆ ಬೇರೆಯಾಗಿ ಹೆಸರು ನೋಂದಾಯಿಸಬೇಕು, ತಾರೀಖು ತಪ್ಪಿದರೆ ಕೂರಿಸುವುದಿಲ್ಲ. ಒಂದೇ ವಿಷಯದಲ್ಲಿ ಮೂರು ಸಲ ಫೇಲಾದರೆ ಸಾಮಾನ್ಯವಾಗಿ ಕೋರ್ಸೇ ಮುಗಿದಂತೆ. ಅಂಕಗಳೂ ತಿರುಗುಮುರುಗು: 1.0 ಅಂದರೆ ಎಲ್ಲಕ್ಕಿಂತ ಒಳ್ಳೆಯದು, 5.0 ಅಂದರೆ ಫೇಲು.

ಸಾಮಾನಿನಲ್ಲಿ ಬೆಳಗಾವಿ ಕುಂದಾ, ಪೇಡೆ, ತುಪ್ಪ ಇಡಬೇಡ. ಹೊರಗಿನ ದೇಶದಿಂದ ಹಾಲಿನ ಪದಾರ್ಥ ಇಲ್ಲಿಗೆ ತರುವಂತಿಲ್ಲ. ಬೆಣ್ಣೆ ಇಲ್ಲೇ ಸಿಗುತ್ತದೆ, ಕಾಯಿಸಿಕೊಳ್ಳೋಣ. ರೊಟ್ಟಿ, ಗುರೆಳ್ಳು ಹಿಂಡಿ, ಸಣ್ಣ ಕುಕ್ಕರ್ ತಾ. ದಪ್ಪ ಕೋಟು ಇಲ್ಲಿ ಕೊಳ್ಳುವುದೇ ಒಳ್ಳೆಯದು.

ಈಗ ನಿನ್ನ ಕೊನೆಯ ಸಾಲು. ನವೆಂಬರ್ ಕಷ್ಟ. ಸುಳ್ಳು ಹೇಳುವುದಿಲ್ಲ. ಡಿಸೆಂಬರ್‌ನಲ್ಲಂತೂ ಸಂಜೆ ನಾಲ್ಕಕ್ಕೆ ಸೂರ್ಯ ಮುಳುಗಿರುತ್ತಾನೆ. ಆ ದಿನಗಳಲ್ಲಿ ಊರಿನ ಸಮಯ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ನೀನು ಕ್ಲಾಸು ಮುಗಿಸಿ ಆರಕ್ಕೆ ಬಂದು ಫೋನ್ ಹಚ್ಚಿದರೆ ಅಲ್ಲಿ ಹತ್ತೂವರೆ, ಅವ್ವ ಮಲಗಿರುತ್ತಾಳೆ. ನಾನು ಆ ತಿಂಗಳು ರೂಮಿನ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಿದ್ದೆ. ಮನೆಯಲ್ಲಿ ಕೇಳಿದರೆ "ಆರಾಮ ಇದ್ದೀನಿ" ಅನ್ನುತ್ತಿದ್ದೆ.

ನನ್ನನ್ನು ಹೊರಗೆ ಎಳೆದದ್ದು ಕೊತ್ತಂಬರಿ. ಡ್ರೆಸ್ಡೆನ್‌ನಲ್ಲಿ ವಿಯೆಟ್ನಾಮಿನವರು ಬಹಳ ಜನ ಇದ್ದಾರೆ. ಪೂರ್ವ ಜರ್ಮನಿ ಬೇರೆ ದೇಶವಾಗಿದ್ದಾಗ ಕಾರ್ಖಾನೆ ಕೆಲಸಕ್ಕೆ ಅಂತ ಅವರನ್ನು ಕರೆಸಿದ್ದರು. ಬರ್ಲಿನ್ ಗೋಡೆ ಬಿದ್ದ ಮೇಲೆ ಕೆಲಸ ಹೋಯಿತು, ಉಳಿದವರಲ್ಲಿ ಎಷ್ಟೋ ಜನ ಅಂಗಡಿ ಇಟ್ಟರು. ಹಸಿಮೆಣಸಿನಕಾಯಿ, ಕೊತ್ತಂಬರಿ, ಹಸಿ ಶುಂಠಿಗೆ ನಾನು ಅಂಥ ಒಂದು ಅಂಗಡಿಗೆ ಹೋಗುತ್ತಿದ್ದೆ. ಅಲ್ಲಿನ ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ನನಗೆ ಜರ್ಮನ್ ಬರುವುದಿಲ್ಲ. ಕ್ಲಾಸು ಇಂಗ್ಲಿಷ್‌ನಲ್ಲಿ ನಡೆಯುತ್ತದೆ, ಭಾಷೆ ಯಾಕೆ ಅಂದುಕೊಂಡಿದ್ದೆ. ಒಂದು ಶನಿವಾರ ಆಕೆ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದರು: ತಾವು 1987ರಲ್ಲಿ ಬಂದಿದ್ದು, ಮೊದಲ ಚಳಿಗಾಲ ದಿನಾ ಅತ್ತಿದ್ದು. ಎಲ್ಲ ತಿಳಿಯಲಿಲ್ಲ. ಅಳುವ ಪದಕ್ಕೆ ಕಣ್ಣು ತೋರಿಸಿದರು, ಅದು ತಿಳಿಯಿತು. ಆಮೇಲೆ ನನ್ನ ಹೆಸರು ಕೇಳಿ ಎರಡು ಸಲ ಹೇಳಿ ನೋಡಿಕೊಂಡರು. ಆ ಊರಿನಲ್ಲಿ ಕಾಗದಪತ್ರಕ್ಕಲ್ಲದೆ, ಸುಮ್ನೆ ನನ್ನ ಹೆಸರು ಕೇಳಿದ ಮೊದಲನೆಯವರು ಅವರು. ಮುಂದಿನ ಸೋಮವಾರವೇ ಯೂನಿವರ್ಸಿಟಿಯ ಜರ್ಮನ್ ಕ್ಲಾಸಿಗೆ ಸೇರಿದೆ. ನೀನು ಊರಲ್ಲಿದ್ದಾಗಲೇ ಶುರು ಮಾಡು. ಅಂಗಡಿಯಲ್ಲಿ ಎರಡು ಮಾತಾಡುವಷ್ಟು ಬಂದರೂ ನಿನ್ನ ನವೆಂಬರ್ ನನ್ನದಕ್ಕಿಂತ ಹಗುರ ಆಗುತ್ತದೆ. ಮತ್ತೆ, ಮನೆಯವರು ಕೇಳಿದಾಗ ಆರಾಮ ಇಲ್ಲದಿದ್ದರೆ ಇಲ್ಲ ಅಂತಲೇ ಹೇಳು.

ನಾನು ಈಗ ಲೈಪ್ಸಿಗ್‌ನಲ್ಲಿದ್ದೇನೆ, ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ. ಭಾನುವಾರ ಇಲ್ಲಿ ಹೆಚ್ಚುಕಡಿಮೆ ಎಲ್ಲ ಅಂಗಡಿ ಮುಚ್ಚಿರುತ್ತವೆ. ನಿನ್ನ ಮೊದಲ ಭಾನುವಾರ ನಾನೇ ಬರುತ್ತೇನೆ, ಬದನೆಕಾಯಿ ಎಣಗಾಯಿ ಮಾಡಿಕೊಂಡು. ಬರುವ ತಾರೀಖು ತಿಳಿಸು. ಬಾಗಿಲ ಬಳಿ ಪೆಟ್ಟಿಗೆಯ ಮೇಲೆ ನಿನ್ನ ಹೆಸರು ನೋಡಿಯೇ ಬೆಲ್ ಒತ್ತುತ್ತೇನೆ.