ಬೈಕಿನ ಸದ್ದಿಗೆ ಕಾಯುವ ಮನೆ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಗಂಡ ಮಡಿಕೇರಿ ಕಡೆಯ ಒಂದು ರೆಸಾರ್ಟಿನಲ್ಲಿ ಅಡುಗೆ ಕೆಲಸದವರು. ಮನೆ ಸುಂಟಿಕೊಪ್ಪದಿಂದ ಒಳಗೆ, ಕಾಫಿ ತೋಟಗಳ ನಡುವೆ. ಹೆಂಡತಿ, ಅತ್ತೆ, ಎರಡನೇ ಕ್ಲಾಸಿನ ಮಗ ಅಲ್ಲಿರುತ್ತಾರೆ. ಆಪ್ತಸಲಹೆಗೆಂದು ದಂಪತಿ ನನ್ನ ಬಳಿ ಒಟ್ಟಿಗೇ ಬಂದರೂ ಮಾತಾಡಿದ್ದು ಆಕೆ ಮಾತ್ರ. "ಲಾಡ್ಜಿಗೆ ಬಂದವರ ಹಾಗೆ ಬಂದು ಮಲಗಿ ಹೋಗ್ತಾರೆ ಮೇಡಂ. ಎರಡು ಪುತ್ತರಿ ಹಬ್ಬ ಆಯ್ತು, ಮನೆಯಲ್ಲಿಲ್ಲ."

ಅವರದು ಬ್ರೇಕ್ ಶಿಫ್ಟ್. ಬೆಳಗ್ಗೆ ಹತ್ತೂವರೆಯಿಂದ ಮೂರೂವರೆ, ಮತ್ತೆ ಸಂಜೆ ಆರೂವರೆಯಿಂದ ರಾತ್ರಿ ಹನ್ನೊಂದೂವರೆ. ನಡುವಿನ ಮೂರು ಗಂಟೆಯಲ್ಲಿ ಮನೆಗೆ ಹೋಗಿ ಬರಲು ಆಗದು. ಸ್ಟಾಫ್ ರೂಮಿನಲ್ಲಿ ಬಿದ್ದುಕೊಳ್ಳುತ್ತಾರೆ. "ಆ ಹೊತ್ತು ಎಲ್ಲಿರ್ತಾನೆ?" ಎಂದು ಅತ್ತೆ ಕೇಳಲು ಶುರುಮಾಡಿದ್ದರು. ನಾನೂ ಮೊದಲ ದಿನ ಇದು ಅನುಮಾನದ ಸಮಸ್ಯೆ ಎಂದೇ ಬಗೆದೆ. ತಪ್ಪು ನನ್ನದು.

ಎರಡನೇ ಭೇಟಿಯಲ್ಲಿ ಇಬ್ಬರಿಗೂ ಒಂದೇ ಪ್ರಶ್ನೆ ಹಾಕಿದೆ: ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ಅವರಿಗೋಸ್ಕರ ಏನು ಮಾಡ್ತೀರಿ?

ಆಕೆ ಹೇಳಿದರು: ಬೆಳಗ್ಗೆ ಕುಕ್ಕರ್ ಇಡುವುದಿಲ್ಲ, ಸೀಟಿಗೆ ಅವರಿಗೆ ಎಚ್ಚರವಾಗುತ್ತದೆ. ಪಾತ್ರೆಯಲ್ಲೇ ಅನ್ನ. ಚಟ್ನಿಗೆ ಮಿಕ್ಸಿ ಬದಲು ಒರಳುಕಲ್ಲು. ಗಂಡ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ಮನೆಯ ಹತ್ತಿರದ ಇಳಿಜಾರಿನಲ್ಲಿ ಬೈಕ್ ಆಫ್ ಮಾಡಿ ಹಾಗೇ ಇಳಿಸಿಕೊಂಡು ಬರ್ತೇನೆ, ಇವಳ ನಿದ್ದೆ ಕೆಡಬಾರದಲ್ಲ.

"ನಾನು ಮಲಗಿದ್ರಲ್ವಾ!" ಎಂದರು ಆಕೆ. ಆ ದಾರಿಯಲ್ಲಿ ಆನೆ ಅಡ್ಡ ಬರುವುದುಂಟು. ಬೈಕಿನ ಸದ್ದು ಕೇಳುವ ತನಕ ಆಕೆಗೆ ಕಣ್ಣು ಮುಚ್ಚುವುದಿಲ್ಲ, ಆ ಸದ್ದೋ ಬರುವುದೇ ಇಲ್ಲ. ಬಾಗಿಲ ಚಿಲಕ ಸದ್ದಾದಾಗ ಸಿಟ್ಟಿನಲ್ಲಿ ಮಗ್ಗುಲು ತಿರುಗಿಸಿ ನಿದ್ದೆಯ ನಟನೆ.

ಸಲಹೆ ಕೊಟ್ಟದ್ದು ಸ್ವಲ್ಪವೇ. ಮಗ ಶಾಲೆಯಿಂದ ಬರುವುದು ನಾಲ್ಕಕ್ಕೆ. ಬ್ರೇಕ್ ಇರುವುದೂ ಆಗಲೇ. ನಾಲ್ಕೂಕಾಲಿಗೆ ವಿಡಿಯೋ ಕಾಲ್, ಹೋಮ್‌ವರ್ಕ್ ಅಪ್ಪನದ್ದು. ಅತ್ತೆಯ ಪ್ರಶ್ನೆಗೂ ಅದರಲ್ಲೇ ಉತ್ತರ ಸಿಗುತ್ತದೆ. ವಾರದ ರೋಸ್ಟರ್ (ಪಾಳಿ ಪಟ್ಟಿ) ವಾಟ್ಸಾಪಿನಲ್ಲಿ ಬಂದ ಕೂಡಲೇ ಬರೆದು ಗೋಡೆಗೆ ಅಂಟಿಸಬೇಕು. ರಜೆ ಬರುವುದು ಮಂಗಳವಾರ, ಅಂದು ಮಗನಿಗೆ ಶಾಲೆ. ತಿಂಗಳಿಗೊಂದು ಭಾನುವಾರ ಬದಲಿಸಿಕೊಡಿ ಎಂದು ಕೇಳಬೇಕು, ಡಿಸೆಂಬರಿನ ರಶ್ ಶುರುವಾಗುವ ಮುಂಚೆಯೇ. ರಾತ್ರಿ ಬಂದ ಮೇಲೆ ಫೋನ್ ಹಿಡಿದು ಕೂರುವುದು ಬೇಡ, ಪರದೆಯ ಬೆಳಕು ನಿದ್ದೆಯನ್ನು ಇನ್ನಷ್ಟು ಮುಂದೂಡುತ್ತದೆ.

ಇನ್ನೊಂದನ್ನೂ ಹೇಳಿದೆ, ಆಪ್ತಸಲಹೆಗೆ ಸೇರಿದ್ದಲ್ಲ ಎನ್ನುವವರು ಅನ್ನಲಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಎಂಬುದೊಂದಿದೆ. ಅದು ಬರೆದ ಮಿತಿ ದಿನಕ್ಕೆ 9, ವಾರಕ್ಕೆ 48 ಗಂಟೆ. ಹೆಚ್ಚಿನ ಕೆಲಸಕ್ಕೆ ದುಪ್ಪಟ್ಟು ಕೂಲಿ. ಇವರದು ದಿನಕ್ಕೆ 10, ಆರು ದಿನಕ್ಕೆ 60. ಗಂಟೆಗಳನ್ನು ಡೈರಿಯಲ್ಲಿ ಬರೆದಿಡಲು ಹೇಳಿದೆ. ಇಷ್ಟು ಹೊತ್ತು ಹೊರಗೆ ದುಡಿದವನಿಗೆ "ಮನೆಯವರ ಜೊತೆ ಸಮಯ ಕಳೆಯಿರಿ" ಎಂದಷ್ಟೇ ಬೋಧಿಸುವುದು ನನಗೆ ಒಗ್ಗದು.

ಮೂರು ತಿಂಗಳಾಯಿತು. ಭಾನುವಾರದ ರಜೆ ಒಮ್ಮೆ ಮಾತ್ರ ಸಿಕ್ಕಿದೆ, ಓವರ್‌ಟೈಮಿನ ಮಾತು ಅವರಿನ್ನೂ ಎತ್ತಿಲ್ಲ. ಕುಕ್ಕರ್ ಮತ್ತೆ ಒಲೆ ಹತ್ತಿದೆ. ಇಳಿಜಾರಿನಲ್ಲಿ ಬೈಕ್ ಆಫ್ ಆಗುವುದಿಲ್ಲ, ತಿರುವಿನಲ್ಲಿ ಒಂದು ಹಾರ್ನ್ ಕೂಡ ಹಾಕುತ್ತಾರೆ. ಪಕ್ಕದ ಮನೆಯವರಿಗೆ ಮಾತ್ರ ಸಿಟ್ಟು, ಅವರ ನಾಯಿ ದಿನಾ ಹನ್ನೆರಡೂವರೆಗೆ ಬೊಗಳಲು ಶುರುಮಾಡುತ್ತದಂತೆ.