ಹಣ ಕೊಟ್ಟದ್ದು ಡಿಸೆಂಬರ್‌ನಲ್ಲಿ, ಯಂತ್ರ ಕೂರಿಸಿದ್ದು ಜನವರಿಯಲ್ಲಿ: ತೆರಿಗೆ ಕ್ರೆಡಿಟ್ ಸಿಗುವುದೇ?

ಪ್ರಶ್ನೆ: ಅಮೆರಿಕದ ನ್ಯೂಜೆರ್ಸಿಯಲ್ಲಿ ನಮ್ಮ ಸ್ವಂತ ಮನೆಯಲ್ಲಿ ವಾಸವಿದ್ದೇವೆ. 2025ರ ನವೆಂಬರ್‌ನಲ್ಲಿ ಅಟ್ಟಕ್ಕೆ ಇನ್ಸುಲೇಶನ್ (ಶಾಖ ತಡೆಯುವ ಹೊದಿಕೆ) ಹಾಕಿಸಿದಾಗ ಸಾಮಗ್ರಿಗೆ 2,000, ಕೂಲಿಗೆ 1,500 ಡಾಲರ್ ಆಯಿತು. ಡಿಸೆಂಬರ್‌ನಲ್ಲಿ, ಮನೆಯನ್ನು ಬೆಚ್ಚಗೂ ತಂಪಾಗಿಯೂ ಇಡುವ ಹೀಟ್ ಪಂಪ್ ಯಂತ್ರಕ್ಕೆ 14,000 ಡಾಲರ್ ಪೂರ್ತಿ ಪಾವತಿಸಿದೆವು. ಅದನ್ನು ಕೂರಿಸಿದ್ದು 2026ರ ಜನವರಿಯಲ್ಲಿ. ಎರಡಕ್ಕೂ ಫೆಡರಲ್ ತೆರಿಗೆ ಕ್ರೆಡಿಟ್ ದೊರೆಯುವುದೇ?

ಉತ್ತರ: ಇನ್ಸುಲೇಶನ್‌ಗೆ ದೊರೆಯುತ್ತದೆ, ಹೀಟ್ ಪಂಪ್‌ಗೆ ಇಲ್ಲ. ಮನೆಯಲ್ಲಿ ಇಂಧನ ಉಳಿಸುವ ಕೆಲಸಗಳಿಗೆ ಸಿಗುತ್ತಿದ್ದ ಈ ಕ್ರೆಡಿಟ್ ಅನ್ನು 2022ರ ಕಾನೂನು 2032ರವರೆಗೆ ವಿಸ್ತರಿಸಿತ್ತು. ಆದರೆ 2025ರ ಜುಲೈ 4ರಂದು ಸಹಿಯಾದ ಹೊಸ ಕಾನೂನು, 2025ರ ಡಿಸೆಂಬರ್ 31ರ ನಂತರ ಬಳಕೆಗೆ ಬಂದ ಉಪಕರಣಗಳಿಗೆ ಅದನ್ನು ರದ್ದುಪಡಿಸಿತು. ಇಲ್ಲಿ ಲೆಕ್ಕಕ್ಕೆ ಬರುವುದು ಕರಾರಿನ ದಿನಾಂಕವೂ ಅಲ್ಲ, ಹಣ ಕೊಟ್ಟ ದಿನಾಂಕವೂ ಅಲ್ಲ. ಅಳವಡಿಕೆ ಪೂರ್ಣಗೊಂಡ ದಿನಾಂಕ. ಅದೇ ಪಂಪ್ ಅರ್ಹ ಮಾದರಿಯದಾಗಿದ್ದು ಡಿಸೆಂಬರ್‌ನಲ್ಲೇ ಕೂತಿದ್ದರೆ, ಶೇ 30ರ ಲೆಕ್ಕದಲ್ಲಿ 4,200 ಡಾಲರ್ ಆದರೂ ಮಿತಿಯಂತೆ 2,000 ಡಾಲರ್ ಸಿಗುತ್ತಿತ್ತು. ಕೆಲವೇ ವಾರಗಳಲ್ಲಿ ಅಷ್ಟು ಕೈತಪ್ಪಿತೆಂಬುದು ಬೇಸರದ ಸಂಗತಿಯೇ ಸರಿ.

ಇನ್ಸುಲೇಶನ್ ವಿಷಯದಲ್ಲಿ ಹಲವರು ಎಡವುವುದು ಕೂಲಿಯಲ್ಲಿ. ಹೀಟ್ ಪಂಪ್, ಏಸಿಗಳಲ್ಲಿ ಅಳವಡಿಕೆಯ ಕೂಲಿಯನ್ನೂ ಸೇರಿಸಬಹುದಿತ್ತು. ಇನ್ಸುಲೇಶನ್‌ನಲ್ಲಿ ಸಾಮಗ್ರಿಯ ಬೆಲೆಯನ್ನು ಮಾತ್ರ ಹಿಡಿಯಬೇಕು. ಆದ್ದರಿಂದ ನಿಮ್ಮ ಕ್ರೆಡಿಟ್ 2,000 ಡಾಲರಿನ ಶೇ 30, ಅಂದರೆ 600 ಡಾಲರ್. ಇದು 1,200 ಡಾಲರಿನ ವಾರ್ಷಿಕ ಮಿತಿಯೊಳಗೇ ಇದೆ. ಬಿಲ್ಲಿನಲ್ಲಿ ಎರಡನ್ನೂ ಒಟ್ಟಿಗೆ ಬರೆದಿದ್ದರೆ ಗುತ್ತಿಗೆದಾರರಿಂದ ಬಿಡಿಸಿ ಬರೆಸಿಕೊಳ್ಳಿ. ವಿದ್ಯುತ್ ಕಂಪನಿ ಸಹಾಯಧನ ಕೊಟ್ಟಿದ್ದರೆ ಅದನ್ನು ಮೊದಲು ಕಳೆಯಬೇಕು. 2025ರ ರಿಟರ್ನ್ ಜೊತೆ 5695 ನಮೂನೆಯನ್ನು ತುಂಬಿ ಸಲ್ಲಿಸಿ.

ಭಾರತದಲ್ಲಿ ಉಳಿತಾಯಕ್ಕೆ ಸಿಗುವ 80ಸಿ ಮಾದರಿಯ ವಿನಾಯಿತಿ ತೆರಿಗೆಗೆ ಒಳಪಡುವ ಆದಾಯವನ್ನು ತಗ್ಗಿಸಿದರೆ, ಈ ಕ್ರೆಡಿಟ್ ಕಟ್ಟಬೇಕಾದ ತೆರಿಗೆಯನ್ನೇ ನೇರವಾಗಿ ತಗ್ಗಿಸುತ್ತದೆ. ತೆರಿಗೆಗಿಂತ ಹೆಚ್ಚಾದ ಭಾಗ ಮಾತ್ರ ಕೈಗೆ ಬರುವುದಿಲ್ಲ, ಮುಂದಿನ ವರ್ಷಕ್ಕೂ ಸಾಗುವುದಿಲ್ಲ. ಸಂಬಳದಲ್ಲಿ ಹೆಚ್ಚು ಹಿಡಿದಿದ್ದರಿಂದ ನಿಮಗೆ ಮರುಪಾವತಿ ಬರುತ್ತಿದ್ದರೆ, ತೆರಿಗೆಯೇ ಇಲ್ಲವೆಂದು ಭಾವಿಸಿ ಕ್ರೆಡಿಟ್ ಬಿಟ್ಟುಬಿಡಬೇಡಿ. ನೋಡಬೇಕಾದದ್ದು ಇಡೀ ವರ್ಷದ ತೆರಿಗೆಯ ಮೊತ್ತ. 2024ರಲ್ಲಿ ಅರ್ಹ ಕಿಟಕಿ, ಬಾಗಿಲುಗಳನ್ನು ಹಾಕಿಸಿ ಕ್ರೆಡಿಟ್ ಕೇಳಲು ಮರೆತಿದ್ದರೆ, ಸಾಮಾನ್ಯವಾಗಿ ಮೂಲ ರಿಟರ್ನ್ ಸಲ್ಲಿಸಿದ ಮೂರು ವರ್ಷಗಳೊಳಗೆ 1040-ಎಕ್ಸ್ ನಮೂನೆಯ ಮೂಲಕ ತಿದ್ದುಪಡಿ ಮಾಡಿಕೊಳ್ಳಬಹುದು.